ಮುಚ್ಚಳ ಬಾರಿಸಿ ನೋಡುವ ಕೆಲಸ

ಯಾವಗಲ್ ಎಂಬ ಊರಿನ ನೀಲವ್ವನಿಗೆ ದನದ ಮನೆ ಉಳಿಯುತ್ತದೋ ಹೋಗುತ್ತದೋ ಎಂಬುದು ಒಂದು ಕಾಲಕ್ಕೆ ಬಾಟ್ಲಿಯ ಮುಚ್ಚಳಗಳ ಮೇಲೆ ನಿಂತಿತ್ತು. ಕೇಳಿದವರಿಗೆ ನಗು ಬರಬಹುದು. ಈ ಕೆಲಸಕ್ಕೆ ಸೇರುವ ಮೊದಲು ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಆ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಕೆಲಸ ಏನೆಂಬುದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಚ್ಚಳದ ಮಹಿಮೆ ತಿಳಿಯುವುದಿಲ್ಲ.

ರೋಣದ ಒಂದು ಗೃಹೋದ್ಯೋಗ ತರಬೇತಿ ಕೇಂದ್ರದಲ್ಲಿ ನಾನು ಮಿಸ್ತ್ರಿಯಾಗಿದ್ದೆ. ಮನೆಯಲ್ಲಿ ಟೊಮ್ಯಾಟೊ ಸಾಸ್ ಮಾಡಿ ಬಾಟ್ಲಿಗೆ ತುಂಬುವುದನ್ನು ಅಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಕಲಿತವರಿಗೆ ಬೇಕಾದ ಸಾಮಾನನ್ನೂ ಕೊಡುತ್ತಿದ್ದರು: ಹಣ್ಣಿನ ಸಿಪ್ಪೆ ಬೀಜ ಬೇರೆ ಮಾಡಿ ರಸ ಹಿಂಡುವ ಪಲ್ಪರ್ ಮಶೀನು, ದೊಡ್ಡ ಗ್ಯಾಸ್ ಒಲೆ, ಹಣ್ಣು ಬೇಯಿಸುವ ದೊಡ್ಡ ಕುಕ್ಕರ್, ಬಾಟ್ಲಿಗಳನ್ನು ನಿಲ್ಲಿಸಿ ಕುದಿಸುವ ಡಬರಿ. ಕಲಿಸುವುದು ಬೇರೆಯವರ ಕೆಲಸ. ಕೆಟ್ಟರೆ ಹೋಗಿ ನೋಡುವುದು ನನ್ನದು. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕಿಗೆ ನಾನೊಬ್ಬನೇ. ಪಾನಾ, ಇಕ್ಕಳ, ವಾಷರು ತುಂಬಿದ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಬಸ್ಸು ತಪ್ಪಿದರೆ ಯಾರದಾದರೂ ಟ್ರ್ಯಾಕ್ಟರಿನ ಹಿಂದೆ ಕೂತು ಹೋಗುತ್ತಿದ್ದೆ. ನಡುವೆ ಒಂದೆರಡು ಬಡ್ತಿಯೂ ಬಂದವು. ಚೀಲ ಅದೇ ಇತ್ತು, ಬಸ್ಸೂ ಅದೇ.

ನನ್ನ ಜಾಗಕ್ಕೆ ಈಗ ಒಬ್ಬ ಹುಡುಗಿ ಬಂದಿದ್ದಾಳೆ. ಐಟಿಐ ಮುಗಿಸಿದವಳು, ಕೈ ಚುರುಕು. ಮಶೀನಿನ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಾಳೆ. ನಾನು ಮನೆಯ ಕಟ್ಟೆಯ ಮೇಲೆ ಕೂತು ಕೇಳಿ ಬೇರಿಂಗೋ ಬೆಲ್ಟೋ ಎಂದು ಹೇಳುತ್ತೇನೆ. ನನ್ನ ಕಾಲದಲ್ಲಿ ಆ ಸದ್ದು ಕೇಳಲು ಬಸ್ಸಿನಲ್ಲಿ ಅರ್ಧ ದಿನ ಹೋಗಬೇಕಿತ್ತು. ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆದುಕೊಡಿ ಕಾಕಾ ಎಂದು ಅವಳು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನನ್ನದೊಂದು ಕೆಟ್ಟ ಚಾಳಿಯನ್ನೂ ಮೊದಲೇ ಹೇಳಿಬಿಡುತ್ತೇನೆ. ಸಾಮಾನನ್ನು ಯಾರಾದರೂ ತಪ್ಪಾಗಿ ಬಳಸುವುದು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಮದುವೆ ಮನೆಯಲ್ಲಿ ಅಡುಗೆಯವನ ಗ್ಯಾಸ್ ಒಲೆ ನೀಲಿ ಬಿಟ್ಟು ಹಳದಿ ಉರಿಯುತ್ತಿದ್ದರೆ ಊಟದ ಎಲೆ ಬಿಟ್ಟು ಎದ್ದು ಹೋಗಿ ಹೇಳಿ ಬಂದವನು ನಾನು. ಅಂದಿನಿಂದ ನನ್ನ ಹೆಂಡತಿ ಮದುವೆಗಳಲ್ಲಿ ನನ್ನ ಪಂಕ್ತಿಯಲ್ಲಿ ಕೂರುವುದಿಲ್ಲ.

ಶುರುವಿನಲ್ಲಿ ನನಗೆ ಮಶೀನು ಮಾತ್ರ ಕಾಣುತ್ತಿತ್ತು. ಜನ ಅದಕ್ಕೆ ಅಡ್ಡ ಬರುವವರು ಎಂದುಕೊಂಡಿದ್ದೆ. ನರಗುಂದದ ಒಂದು ಮನೆಯಲ್ಲಿ ಸಾಸ್ ಕಹಿಯಾಗುತ್ತಿದೆ, ಪಲ್ಪರ್ ಕೆಟ್ಟಿದೆ ಎಂದು ಕರೆದರು. ಪಲ್ಪರನ್ನು ಪೂರ್ತಿ ಬಿಚ್ಚಿದೆ. ಜರಡಿ ತೆಗೆದೆ, ಬುಶ್ ತೆಗೆದೆ, ಅಂಗಳದ ತುಂಬ ಹರವಿದೆ. ಏನೂ ಸಿಗಲಿಲ್ಲ. ಹೊರಡುವಾಗ ಆ ಮನೆಯ ಹೆಣ್ಣುಮಗಳು ಸಾಸ್ ಕಾಯಿಸುವ ಪಾತ್ರೆಯನ್ನು ಹೆಮ್ಮೆಯಿಂದ ತೋರಿಸಿದಳು. ತವರಿನಿಂದ ಬಂದ ಹಿತ್ತಾಳೆ ಕೊಪ್ಪರಿಗೆ. ಹುಣಸೆಹಣ್ಣು ಬೂದಿ ಹಾಕಿ ಒಳಗೂ ಹೊರಗೂ ಬಂಗಾರದಂತೆ ತಿಕ್ಕಿದ್ದಳು. ಒಳಗಿನ ಕಲಾಯಿ ಅವಳ ಶ್ರದ್ಧೆಗೆ ಎಂದೋ ಸವೆದು ಹೋಗಿತ್ತು. ಹುಳಿ ಪದಾರ್ಥ ಬರಿ ಹಿತ್ತಾಳೆಯಲ್ಲಿ ಕುದ್ದರೆ ಕಹಿಯಾಗದೆ ಏನಾದೀತು? ಕಹಿಯಷ್ಟೇ ಅಲ್ಲ, ತಿಂದವರ ಹೊಟ್ಟೆಯೂ ಕೆಡುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ ಬೈದ ಧಾಟಿಯಲ್ಲೇ ಹೇಳಿದೆ. ಅವಳು ಅತ್ತಳು. ಸಾಸ್ ಹೋಯಿತೆಂದು ಅಲ್ಲ, ತವರಿನ ಪಾತ್ರೆ ಕೆಟ್ಟದ್ದು ಎಂದೆನಲ್ಲ, ಅದಕ್ಕೆ. ಮುಂದಿನ ಸಲ ಹೋಗುವಾಗ ಕಲಾಯಿ ಹಾಕುವವನನ್ನು ಹುಡುಕಿ ಕರೆದುಕೊಂಡು ಹೋದೆ. ಈಗ ಅಂಥವರು ಸಿಗುವುದೂ ಕಷ್ಟ. ಎಲ್ಲ ಕಡೆ ಸ್ಟೀಲು ಬಂದಿದೆ. ಸ್ಟೀಲಿಗೆ ತವರಿಲ್ಲ, ಆದ್ದರಿಂದ ತಕರಾರೂ ಇಲ್ಲ.

ಗಜೇಂದ್ರಗಡದ್ದು ಇನ್ನೊಂದು ಬಗೆ. ಖಂಡೇನವಮಿಗೆ ನಮ್ಮ ಕಡೆ ಎತ್ತಿನ ಬಂಡಿಯಿಂದ ಹೊಲಿಗೆ ಮಶೀನಿನ ತನಕ ಎಲ್ಲಕ್ಕೂ ಪೂಜೆಯಾಗುತ್ತದೆ. ಆ ಮನೆಯಲ್ಲಿ ದೊಡ್ಡ ಕುಕ್ಕರಿಗೂ ಆಯಿತು. ತೊಳೆದು, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮ ಹಚ್ಚಿ, ಹೂ ಏರಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಕೆಲಸವಿರುತ್ತಿರಲಿಲ್ಲ. ಸೀಟಿ ಕೂರಿಸುವ ನಳಿಗೆಯ ಬಾಯಿಗೂ ಹಸಿ ವಿಭೂತಿಯನ್ನು ಒತ್ತಿ ಹಚ್ಚಿದ್ದರು. ಅದು ಒಳಗೆ ಇಳಿದು ಒಣಗಿ ಸುಣ್ಣದಂತೆ ಗಟ್ಟಿಯಾಗಿತ್ತು. ಮರುದಿನ ಟೊಮ್ಯಾಟೊ ಹಾಕಿ ಒಲೆ ಹಚ್ಚಿ ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದರು, ಪುಣ್ಯ. ಸೇಫ್ಟಿ ವಾಲ್ವ್ ಕಿತ್ತುಕೊಂಡು ಒಳಗಿದ್ದದ್ದೆಲ್ಲ ಜಂತಿಗೆ ಹೊಡೆಯಿತು. ನಾನು ಹೋದಾಗ ಅಡುಗೆ ಮನೆ ಓಕುಳಿಯಾಡಿದ ಹಾಗೆ ಕೆಂಪಗಿತ್ತು. ಪೂಜೆಯಲ್ಲಿ ಏನೋ ಲೋಪವಾಗಿದೆ ಎಂದು ಮನೆಯ ಯಜಮಾನರಿಗೆ ಅನುಮಾನ. ಲೋಪ ಅಲ್ಲ, ಜಾಸ್ತಿಯಾಗಿದೆ ಎಂದೆ. ಆಮೇಲೆ ಪ್ರತಿ ವರ್ಷ ಹಬ್ಬಕ್ಕೆ ಮೊದಲು ಹೋದ ಮನೆಯಲ್ಲೆಲ್ಲ ಹೇಳಿ ಬರುತ್ತಿದ್ದೆ: ಕುಕ್ಕರಿನ ಹೊಟ್ಟೆಗೆ ಎಷ್ಟು ಬೇಕಾದರೂ ಪೂಜೆ ಮಾಡಿ, ಮೂಗಿಗೆ ಮಾತ್ರ ಬೇಡ.

ಹೊಳೆಮಣ್ಣೂರಿನಲ್ಲಿ ಹೊಳೆ ಊರೊಳಗೆ ಬಂದು ಹೋದ ಮೇಲೆ ಒಂದು ಪಲ್ಪರಿನ ಮೋಟಾರು ನನ್ನ ಕೈಗೆ ಬಂತು. ಕೆಸರು ಇರುತ್ತದೆ ಎಂದುಕೊಂಡು ಬಿಚ್ಚಿದರೆ ಬುಳಬುಳನೆ ಜೋಳ ಸುರಿಯಿತು. ನೀರಿಗೆ ಬಿದ್ದ ಫೋನನ್ನು ಅಕ್ಕಿಯೊಳಗೆ ಇಟ್ಟರೆ ಪಸೆ ಎಳೆಯುತ್ತದೆಂದು ಯಾರೋ ಹೇಳಿದ್ದರಂತೆ. ಮೋಟಾರು ದೊಡ್ಡದು, ಅಕ್ಕಿ ತುಟ್ಟಿ. ಅದಕ್ಕೆ ಜೋಳದ ಚೀಲದಲ್ಲಿ ಹುಗಿದಿದ್ದರು. ಮೋಟಾರು ಸುಧಾರಿಸಿತು. ಆದರೆ ಎಷ್ಟೋ ತಿಂಗಳು ಅದು ಓಡುವಾಗಲೆಲ್ಲ ಎಲ್ಲಿಂದಲೋ ಒಂದೊಂದು ಕಾಳು ಉದುರುತ್ತಲೇ ಇತ್ತು.

ಇಂಥ ಕಥೆಗಳನ್ನು ನಾನು ಕೇಂದ್ರಕ್ಕೆ ಬಂದು ರಂಗು ಹಚ್ಚಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನಮ್ಮ ಮೇಲಿನವರಾಗಿದ್ದ ಸುಮಿತ್ರಾ ಮೇಡಂ ಒಬ್ಬರನ್ನು ಬಿಟ್ಟು. ಅವರು ಧಾರವಾಡದ ಕಡೆಯವರು, ಮಾತು ಕಡಿಮೆ. ಮೇಲಿನವರು ಹಲವರು ಬಂದರು, ಹೋದರು. ಒಬ್ಬರಿಗೆ ಬಾಗಿಲಿಗೆ ತೋರಣ ಇಲ್ಲದಿದ್ದರೆ ಸಿಟ್ಟು. ಇನ್ನೊಬ್ಬರು ಬೂಟು ಕಾಲಲ್ಲೇ ಅಡುಗೆ ಮನೆ ಹೊಕ್ಕು ಚಿಕ್ಕನರಗುಂದದ ಒಂದು ಓಣಿಯನ್ನೇ ನಮಗೆ ಬಂದ್ ಮಾಡಿಸಿದ್ದರು. ನನಗೆ ಕೆಲಸ ಕಲಿಸಿದವರು ಮಾತ್ರ ಸುಮಿತ್ರಾ ಮೇಡಂ. ಅದೂ ಒಂದೇ ಮಾತಿನಲ್ಲಿ.

ಜೋಳದ ಕಥೆಗೆ ನಗೆ ಮುಗಿದ ಮೇಲೆ ಅವರು ಹೇಳಿದರು: "ಮಿಸ್ತ್ರಿಯವರ, ನೀವು ಹೋದ ಕೂಡ್ಲೆ ಮಶೀನ್ ಬಿಚ್ಚತೀರಿ. ಒಮ್ಮೆ ಬಿಚ್ಚಬ್ಯಾಡ್ರಿ. ಅವರು ಕೆಲಸ ಮಾಡೂ ಮುಂದ ಅವರ ಕೈ ನೋಡ್ಕೋತ ಸುಮ್ನ ಕೂಡ್ರಿ. ಮುಂಜಾನಿಂದ ಸಂಜಿ ತನಕ. ನಡಕ ಬಾಯಿ ತೆರೀಬ್ಯಾಡ್ರಿ."

ಬಾಯಿ ತೆರೆಯಬೇಡಿ ಎಂಬುದು ನನಗೆ ಚುಚ್ಚಿತು. ಅವರು ನಿವೃತ್ತರಾಗಿ ಹೋಗುವವರೆಗೂ ಆ ಮಾತನ್ನು ಪಾಲಿಸಲಿಲ್ಲ. ಪಾಲಿಸುವ ಪಾಳಿ ಯಾವಗಲ್ಲಿನಲ್ಲಿ ಬಂತು.

ನೀಲವ್ವ ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವಳು. ಮನೆಯಲ್ಲಿ ಅಣ್ಣ ಶೇಖಪ್ಪ, ಅವನ ಹೆಂಡತಿ ಮಕ್ಕಳು, ತಾಯಿ ಬಸವ್ವ. ಅಣ್ಣನಿಗೆ ಭಾರವಾಗಿ ಕೂರಬಾರದೆಂದು ನಮ್ಮಲ್ಲಿ ಬಂದು ಸಾಸ್ ಕಲಿತಳು. ಎತ್ತುಗಳನ್ನು ಮಾರಿದ ಮೇಲೆ ದನದ ಮನೆ ಖಾಲಿ ಬಿದ್ದಿತ್ತು. ಶೇಖಪ್ಪ ಅದನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ನೆಲಕ್ಕೆ ಕಲ್ಲು ಹಾಸಿಸಿ, ಸುಣ್ಣ ಬಳಿದು, ದನಗಳ ಗೋದಲಿಯನ್ನೇ ಬಾಟ್ಲಿ ಇಡುವ ಕಟ್ಟೆ ಮಾಡಿಕೊಂಡಳು. ಅಷ್ಟು ಚೊಕ್ಕ ಜಾಗವನ್ನು ನಾನು ಮೂರು ತಾಲೂಕಿನಲ್ಲಿ ಕಂಡಿರಲಿಲ್ಲ. ಅವಳ ಸಾಸ್ ಶಾಲೆ ಮಾಸ್ತರರ ಮನೆಗಳಿಗೆ, ರೋಣದ ಖಾನಾವಳಿಗಳಿಗೆ ಹೋಗುತ್ತಿತ್ತು.

ಆಮೇಲೆ ಬಾಟ್ಲಿಗಳು ಕೆಡತೊಡಗಿದವು. ತುಂಬಿದ ದಿನ ಚಲೋ ಇರುತ್ತಿದ್ದವು. ಬಿಸಿ ಸಾಸ್ ತುಂಬಿ, ಮುಚ್ಚಳ ಬಿಗಿದು, ಡಬರಿಯಲ್ಲಿ ಕುದಿಸಿ ಹೊರಗೆ ತೆಗೆದರೆ ಆರುತ್ತ ಆರುತ್ತ ಮುಚ್ಚಳದ ನಡುಭಾಗ ಒಳಕ್ಕೆ ಜಗ್ಗಿಕೊಳ್ಳುತ್ತದೆ. ಅದನ್ನು ಉಗುರಿನಿಂದ ಬಾರಿಸಿ ನೋಡಬೇಕು. ಗಟ್ಟಿ ಕೂತ ಮುಚ್ಚಳ ಟಿಣ್ ಎನ್ನುತ್ತದೆ. ಗಾಳಿ ಹೊಕ್ಕದ್ದು ದಬ್ ಎನ್ನುತ್ತದೆ. ನೀಲವ್ವನ ಬಾಟ್ಲಿಗಳು ಮೊದಲ ದಿನ ಟಿಣ್ ಎಂದು, ಕೆಲವು ವಾರ ಕಳೆದ ಮೇಲೆ ದಬ್ ಎನ್ನುತ್ತಿದ್ದವು. ಕೆಲವಂತೂ ಹುದುಗು ಬಂದು ಮುಚ್ಚಳ ಉಬ್ಬಿ ಹೊರಗೆ ಹರಿಯುತ್ತಿದ್ದವು. ಎಲ್ಲ ಸಲವೂ ಹೀಗಾಗುತ್ತಿರಲಿಲ್ಲ. ಒಂದು ಸಲದ್ದು ಪೂರ್ತಿ ಚಲೋ, ಮುಂದಿನದು ಪೂರ್ತಿ ಹಾಳು.

ನಾನು ಹೋಗಿ ನನ್ನ ಪದ್ಧತಿಯಂತೆ ಎಲ್ಲ ಬಿಚ್ಚಿದೆ. ಪಲ್ಪರಿನ ಜರಡಿ ಬದಲಿಸಿದೆ, ಬರ್ನರಿನ ತೂತು ಚುಚ್ಚಿದೆ, ಶಾಖ ನೋಡುವ ಗಾಜಿನ ಕಡ್ಡಿ ಹೊಸದು ಕೊಟ್ಟೆ. ಎಲ್ಲ ಸರಿಯಾಯಿತು ಎಂದು ಬೀಗುತ್ತ ಬಂದೆ. ಮತ್ತೆ ಕೆಟ್ಟಿತು. ತಪ್ಪನ್ನು ನೀರಿನ ಮೇಲೆ ಹಾಕಿದೆ, ಬಾಟ್ಲಿಯ ಮೇಲೆ ಹಾಕಿದೆ, ಟೊಮ್ಯಾಟೊ ಜಾತಿಯ ಮೇಲೂ ಹಾಕಿದೆ. ಮತ್ತೆ ಕೆಟ್ಟಿತು. ಖಾನಾವಳಿಯವರು ಬಾಟ್ಲಿ ಹಿಂದಕ್ಕೆ ಕಳಿಸಿದರು.

ಅದೇ ಹೊತ್ತಿಗೆ ಶೇಖಪ್ಪ ಟ್ರ್ಯಾಕ್ಟರ್ ತಂದಿದ್ದ. ಹೊಸದು, ಬಿಸಿಲಲ್ಲಿ ನಿಂತಿತ್ತು. ಅವನು ಕೆಟ್ಟ ಮನುಷ್ಯನಲ್ಲ. ಆದರೆ ಹೊಸ ಟ್ರ್ಯಾಕ್ಟರ್ ಹೊರಗೆ, ಕೆಟ್ಟ ಸಾಸ್ ಒಳಗೆ ಇರುವುದು ಯಾವ ರೈತನಿಗೂ ಸಹಿಸುವ ಮಾತಲ್ಲ. ನನ್ನ ಎದುರಿಗೇ ತಂಗಿಗೆ ಹೇಳಿದ: "ಇನ್ನೊಂದ ಸಲ ಮಾಡಿ ನೋಡು ನೀಲವ್ವ. ದೀಪಾವಳಿ ತನಕ ಬಾಟ್ಲಿ ಕೆಡದ ನಿಂತ್ರ ದನದ ಮನಿ ನಿಂದ. ಕೆಟ್ರ ಟ್ರ್ಯಾಕ್ಟರ್ ಒಳಗ ಬರ್ತೈತಿ."

ನೀಲವ್ವ ಆಗಲಿ ಅಣ್ಣಾ ಎಂದಳು. ಬಾಗಿಲ ಹತ್ತಿರ ಕೂತಿದ್ದ ಬಸವ್ವ ಮೊಣಕಾಲು ಒತ್ತಿಕೊಳ್ಳುತ್ತ ಮಗನ ಮುಖವನ್ನೊಮ್ಮೆ ಮಗಳ ಮುಖವನ್ನೊಮ್ಮೆ ನೋಡಿದಳು.

ಆ ಕೊನೆಯ ಸಲದ ದಿನ ನಾನು ಮೊದಲ ಬಸ್ಸಿಗೇ ಹೋದೆ. ಚೀಲವನ್ನು ಬಾಗಿಲಲ್ಲೇ ಇಟ್ಟೆ. ಒಂದು ಬಕೆಟ್ ಬೋರಲು ಹಾಕಿಕೊಂಡು ಮೂಲೆಯಲ್ಲಿ ಕೂತೆ. ಬಿಚ್ಚಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಅದು ಎಷ್ಟು ಕಷ್ಟವೆಂದು ನನಗೇ ಗೊತ್ತು. ನೀಲವ್ವ ಹಣ್ಣು ತೊಳೆದಳು, ಹೆಚ್ಚಿದಳು, ಬೇಯಿಸಿದಳು, ಪಲ್ಪರಿಗೆ ಹಾಕಿದಳು. ಅವಳ ಕೈಯಲ್ಲಿ ಒಂದು ತಪ್ಪೂ ಇರಲಿಲ್ಲ. ಬಾಟ್ಲಿಗಳನ್ನು ಕುದಿಸಿದಳು. ಮುಚ್ಚಳಗಳನ್ನು ಬಿಸಿ ನೀರಿನಿಂದ ತೆಗೆದು ಒಗೆದ ಬಟ್ಟೆಯ ಮೇಲೆ ಮಗುಚಿ ಹರವಿದಳು. ಸಾಸ್ ಇನ್ನೂ ಗಟ್ಟಿಯಾಗಬೇಕಿತ್ತು. ಉರಿ ಸಣ್ಣ ಮಾಡಿ, ಎರಡು ತುತ್ತು ಉಂಡು ಬರುತ್ತೇನೆ, ನೀವೂ ಬನ್ನಿ ಎಂದು ನನ್ನನ್ನು ಕರೆದಳು. ಆಮೇಲೆ ಬರುತ್ತೇನೆ ಎಂದೆ. ಬಸವ್ವ ಎಂದಿನಂತೆ ತಾನು ಸಾಸ್ ತಿರುವುತ್ತ ಕಾಯುತ್ತೇನೆ ಎಂದಳು.

ಮಗಳು ಊಟಕ್ಕೆ ಹೋದ ಮೇಲೆ ಬಸವ್ವ ಗೋಡೆಯ ಮಾಡದಿಂದ ಒಂದು ಬಟ್ಟಲು ತೆಗೆದಳು. ಅದರಲ್ಲಿ ಎಣ್ಣೆಯಲ್ಲಿ ನೆನೆದ ಅರಿವೆ. ಮುಚ್ಚಳಗಳ ಮುಂದೆ ಕೂತು ಒಂದೊಂದನ್ನೇ ಎತ್ತಿ, ಒಳಗಿನ ಮೆತ್ತನೆಯ ಉಂಗುರಕ್ಕೆ ಸುತ್ತಲೂ ಎಣ್ಣೆ ಒರೆಸಿ, ಮತ್ತೆ ಮೊದಲಿನ ಹಾಗೇ ಇಡತೊಡಗಿದಳು. ವಾಸನೆ ಮೂಗಿಗೆ ಬಂದ ಕೂಡಲೇ ಗೊತ್ತಾಯಿತು, ಕುಸುಬಿ ಎಣ್ಣೆ. ಮೂಲೆಯಲ್ಲಿ ನಾನಿದ್ದೇನೆಂಬ ಅಂಜಿಕೆ ಅವಳಿಗೆ ಇರಲಿಲ್ಲ. ಕದ್ದು ಮಾಡುವ ಕೆಲಸವೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ಇದನ್ನೇಕೆ ಹಚ್ಚುತ್ತೀರಿ ಎಂದು ಮೆಲ್ಲಗೆ ಕೇಳಿದೆ.

"ಉಪ್ಪಿನಕಾಯಿ ಭರಣಿಗೆ ಮ್ಯಾಲ ಎಣ್ಣಿ ಬಿಟ್ರ ಗಾಳಿ ಹೋಗೂದಿಲ್ಲಲ್ರಿ, ಹಂಗ," ಎಂದಳು. "ಹೋದ ಸಲ ಕೆಟ್ಟುವಲ್ಲ, ಅದಕ್ಕ ಈ ಸಲ ಭಾಳ ಹಚ್ಚಾಕತ್ತೀನಿ. ನೀಲಾಗ ಈ ಮನಿ ಹೋಗಬಾರದು ನೋಡ್ರಿ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೆಟ್ಟಷ್ಟೂ ಹಚ್ಚಿದ್ದಾಳೆ, ಹಚ್ಚಿದಷ್ಟೂ ಕೆಟ್ಟಿದೆ. ಕೇಳಿ ನೋಡಿದರೆ, ಅವಳು ಮೊಣಕಾಲು ನೋವೆಂದು ಒಳಗೆ ಮಲಗಿದ ದಿನಗಳ ಬಾಟ್ಲಿಗಳು ಮಾತ್ರ ಉಳಿದಿವೆ. ಕುಸುಬಿ ಎಣ್ಣೆಯ ಗುಣ ನಮ್ಮ ಕಡೆಯ ಎಲ್ಲ ಅಡುಗೆ ಮನೆಗೂ ಗೊತ್ತು. ಡಬ್ಬಿಯ ಮೈಮೇಲೆ ಹರಿದ ಎಣ್ಣೆ ಕೆಲವು ದಿನಕ್ಕೆ ಅಂಟಾಗಿ ಧೂಳು ಹಿಡಿಯುತ್ತದೆ, ಆಮೇಲೆ ಗಟ್ಟಿಯಾಗಿ ಬಿರಿಯುತ್ತದೆ. ಉಂಗುರದ ಮೇಲೂ ಆಗುತ್ತಿದ್ದದ್ದು ಅದೇ. ಮೊದಲ ದಿನ ಅಂಟಿನ ಹಾಗೆ ಹಿಡಿದು, ಆಮೇಲೆ ಒಣಗಿ ಬಿರಿದು ಗಾಳಿಗೆ ದಾರಿ ಕೊಡುತ್ತಿತ್ತು.

ಎಣ್ಣೆಯ ಡಬ್ಬಿ ತರಿಸಿ ಅದರ ಮೈಮೇಲಿನ ಅಂಟನ್ನು ಉಗುರಿನಿಂದ ಕೆರೆದು ತೋರಿಸಿದೆ. ಅವಳಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ. ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟಳು.

"ಹಂಗಾರ ಕೆಡಿಸಿದಾಕಿ ನಾನ ಏನ್ರಿ?"

"ನೀವಲ್ಲ ಯವ್ವಾ, ಎಣ್ಣಿ," ಎಂದೆ. ಇದು ಉತ್ತರವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನನ್ನ ಚೀಲದಲ್ಲಿ ಹೊಸ ಮುಚ್ಚಳಗಳಿದ್ದವು. ಅವನ್ನು ಬಿಸಿ ನೀರಿಗೆ ಹಾಕಿದೆ. ಎಣ್ಣೆ ಹತ್ತಿದವನ್ನೆಲ್ಲ ಚೀಲಕ್ಕೆ ತುಂಬಿದೆ. ನೀಲವ್ವ ಬಂದಾಗ, ಮುಚ್ಚಳ ಬದಲಿಸಿದ್ದೇನೆ, ಇನ್ನು ಮುಂದೆ ಮುಚ್ಚಳವನ್ನು ನಿಮ್ಮೊಬ್ಬರನ್ನು ಬಿಟ್ಟು ಬೇರೆಯವರು ಮುಟ್ಟಬಾರದು ಎಂದಷ್ಟೇ ಹೇಳಿದೆ. ಅವ್ವ ಏನು ಮಾಡಬೇಕು ಎಂದು ಅವಳು ಕೇಳಿದಳು. ಬಾರಿಸಿ ನೋಡುವ ಕೆಲಸ ಅವ್ವನದು ಎಂದೆ. ಸಂಜೆ ಬಾಟ್ಲಿಗಳು ಆರಿದ ಮೇಲೆ ಬಸವ್ವನ ಕೈ ಹಿಡಿದು ಟಿಣ್ ಯಾವುದು, ದಬ್ ಯಾವುದು ಕಲಿಸಿದೆ. ಅವಳ ಕಿವಿ ನನ್ನದಕ್ಕಿಂತ ಚುರುಕಾಗಿತ್ತು.

ದೀಪಾವಳಿ ತನಕ ನನಗೂ ನೆಮ್ಮದಿ ಇರಲಿಲ್ಲ. ಬೇರೆ ಊರಲ್ಲಿ ಬೇರಿಂಗ್ ಬಡಿಯುತ್ತಿದ್ದರೂ ಮನಸ್ಸು ಯಾವಗಲ್ಲಿನ ಗೋದಲಿಯ ಮೇಲಿನ ಬಾಟ್ಲಿಗಳ ಹತ್ತಿರ ಇರುತ್ತಿತ್ತು. ದೀಪಾವಳಿಯಲ್ಲಿ ಎಣ್ಣೆ ಹಚ್ಚಿ ನೀರು ಹಾಕುವ ದಿನ ಯಾರೂ ಕರೆಯದಿದ್ದರೂ ಬಸ್ಸು ಹತ್ತಿದೆ. ಟ್ರ್ಯಾಕ್ಟರ್ ದನದ ಮನೆಯ ಬಾಗಿಲಿಗೆ ಮೂತಿ ಇಟ್ಟುಕೊಂಡು ನಿಂತಿತ್ತು. ಒಳಗೆ ಹೋಗಲು ಅದನ್ನು ಸುತ್ತಿ ಬರಬೇಕಾಯಿತು.

ಶೇಖಪ್ಪ, ಅವನ ಹೆಂಡತಿ, ನೀಲವ್ವ ಎಲ್ಲರೂ ಒಳಗಿದ್ದರು. ಬಸವ್ವ ಒಂದು ತುದಿಯಿಂದ ಶುರು ಮಾಡಿದಳು. ಟಿಣ್. ಟಿಣ್. ಮೊಣಕಾಲು ಎಳೆಯುತ್ತ ಗೋದಲಿಯುದ್ದಕ್ಕೂ ನಡೆದಳು. ಒಂದು ಬಾಟ್ಲಿಯ ಹತ್ತಿರ ಅನುಮಾನದಿಂದ ನಿಂತಳು. ನೀಲವ್ವ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು. ಮುದುಕಿ ಉಗುರು ಸರಿಮಾಡಿಕೊಂಡು ಮತ್ತೆ ಬಾರಿಸಿದಳು. ಟಿಣ್ ಎಂದಿತು. ಕೊನೆಯದೂ ಟಿಣ್ ಎಂದಿತು. ಶೇಖಪ್ಪ ತಾನೇ ಹೋಗಿ ನಾಲ್ಕಾರು ಮುಚ್ಚಳಗಳನ್ನು ಬೆರಳಿನಿಂದ ಬಾರಿಸಿ ನೋಡಿದ.

"ಹಂಗಾರ ಮೊದಲ ಏನಾಗಿತ್ರಿ ಮಿಸ್ತ್ರಿಯವರ?" ಎಂದ.

ಇದಕ್ಕೆ ನಾನು ಒಂದು ಸುಳ್ಳನ್ನು ಬಸ್ಸಿನಲ್ಲೇ ತಯಾರು ಮಾಡಿಕೊಂಡು ಬಂದಿದ್ದೆ. ಹುಬ್ಬಳ್ಳಿಯಿಂದ ಬಂದ ಮುಚ್ಚಳದ ಮಾಲೇ ಸುಮಾರು ಇತ್ತು ಎಂದು ಶುರು ಮಾಡುವಷ್ಟರಲ್ಲಿ ಬಸವ್ವ ನಡುವೆ ಬಂದಳು.

"ಮಾಲಲ್ಲೋ ಶೇಖಪ್ಪ. ನಾನ ಮುಚ್ಚಳಕ್ಕ ಎಣ್ಣಿ ಹಚ್ಚತಿದ್ದೆ. ನಿನ್ನ ತಂಗಿ ಮನಿ ಉಳೀಲಿ ಅಂತ ಹಚ್ಚಿದೆ, ಅದ ಕೆಡಿಸ್ತು."

ನೀಲವ್ವ ತಾಯಿಯನ್ನೇ ನೋಡಿದಳು. ಆಮೇಲೆ ಹತ್ತಿರ ಹೋಗಿ, ಜಾರಿದ್ದ ಅವಳ ಸೆರಗನ್ನು ತಲೆಯ ಮೇಲೆ ಸರಿ ಮಾಡಿ ಪಕ್ಕದಲ್ಲಿ ನಿಂತಳು.

"ಆ ಎಣ್ಣಿ ಅರಿಬಿ ಎಲ್ಲೈತಿ ಬೇ?" ಎಂದು ಶೇಖಪ್ಪ ತಾಯಿಯನ್ನು ಕೇಳಿದ.

ಅವಳು ಅಂಜುತ್ತ ಮಾಡದ ಕಡೆ ಕೈ ತೋರಿಸಿದಳು. ಅವನು ಬಟ್ಟಲನ್ನು ತೆಗೆದುಕೊಂಡು ಹೊರಗೆ ಹೋದ. ಟ್ರ್ಯಾಕ್ಟರ್ ಶುರು ಮಾಡಿ ಬಾಗಿಲಿನಿಂದ ಹಿಂದಕ್ಕೆ ಒಯ್ದು ಬೇವಿನ ಗಿಡದ ಕೆಳಗೆ ನಿಲ್ಲಿಸಿದ. ಕೆಳಗಿಳಿದು, ಅರಿವೆ ಹಿಂಡಿ, ಬಾನೆಟ್ಟಿಗೆ ಎಣ್ಣೆ ಒರೆಸತೊಡಗಿದ.

"ಇನ್ನ ಇದು ಇಲ್ಲೇ ಹೊರಗ ನಿಲ್ಲೂದೈತಲ್ಲ," ಎಂದು ಅಲ್ಲಿಂದಲೇ ತಾಯಿಗೆ ಕೇಳುವಂತೆ ಹೇಳಿದ. "ಮಳಿಗೆ ತುಕ್ಕ ಹಿಡೀಬಾರದಂದ್ರ ನಿನ್ನ ಎಣ್ಣಿ ಇದಕ್ಕ ಬೇಕಾಗ್ತೈತಿ."

ಬಸವ್ವ ಹೊಸ್ತಿಲ ಮೇಲೆ ಕೂತು, ಆ ಕಡೆ ಬಿಟ್ಟಿದ್ದೀ, ಈ ಕಡೆ ಬಿಟ್ಟಿದ್ದೀ ಎಂದು ಮಗನಿಗೆ ಹೇಳತೊಡಗಿದಳು. ಅವನು ಅವಳು ಹೇಳಿದಲ್ಲೆಲ್ಲ ಒರೆಸಿದ. ಸಂಜೆಯೊಳಗೆ ಯಾವಗಲ್ಲಿನ ಧೂಳೆಲ್ಲ ಆ ಬಾನೆಟ್ಟಿಗೆ ಅಂಟಿಕೊಳ್ಳುತ್ತದೆ, ವಾರದೊಳಗೆ ಹೊಸ ಬಣ್ಣ ಮಾಸುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಕೈಯನ್ನು ಕೊನೆಯವರೆಗೂ ನೋಡಿದೆ. ಏನೂ ಹೇಳದೆ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟೆ.